ಕೊಟ್ಟ ಮಾತು, ಕೊಡಬೇಕಾದ ಕೂಲಿ

(ವಾರ್ಷಿಕ ಸಹಾಯಾರ್ಥ ಸಂಜೆಯಲ್ಲಿ ಮಾಡಿದ ಭಾಷಣ)



ಸಹಾಯಾರ್ಥ ಕಾರ್ಯಕ್ರಮದಲ್ಲಿ ಸಂಬಳದ ಮಾತೇಕೆ ಎಂದು ನಿಮಗನ್ನಿಸಬಹುದು. ದಾನ ಬೇರೆ, ಕೂಲಿ ಬೇರೆ ಎಂದು ನೆನಪಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲವೆಂದು ನನ್ನ ಭಾವನೆ.

ನಾನು ಸ್ವೀಡನ್ನಿಗೆ ಬಂದ ಹೊಸತರಲ್ಲಿ, ಆರು ತಿಂಗಳ ನಂತರ ಸಂಬಳ ಹೆಚ್ಚಿಸುತ್ತೇವೆಂದು ಕೆಲಸ ಕೊಟ್ಟವರು ಬಾಯಿಮಾತಿನಲ್ಲಿ ಹೇಳಿದ್ದರು. ಅವಧಿ ಮುಗಿದ ಮೇಲೆ ಕೇಳಿದೆ. "ಎಲ್ಲಿ ಬರೆದಿದೆ?" ಎಂದರು. ಆಗ ಕೆಲಸದ ಪರವಾನಗಿ ಮೊದಲ ಎರಡು ವರ್ಷ ಅದೇ ಕಂಪನಿಗೆ ಕಟ್ಟುಬಿದ್ದಿರುತ್ತಿತ್ತು. ಹೆದರಿ ಸುಮ್ಮನಾದೆ. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತದೆ.

ನನಗಿಂತ ಎಷ್ಟೋ ಕಡಿಮೆ ಆಸರೆಯಿದ್ದ ನಮ್ಮ ನಾಡಿನ ಹೆಣ್ಣುಮಕ್ಕಳು ಸುಮ್ಮನಾಗಲಿಲ್ಲ. ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ 2020ರ ಏಪ್ರಿಲ್‌ನಿಂದ ತಿಂಗಳಿಗೆ ಸುಮಾರು 417 ರೂಪಾಯಿ ತುಟ್ಟಿಭತ್ಯೆ ಹೆಚ್ಚಾಗಿ ಸಿಗಬೇಕಿತ್ತು. ಕೊರೊನಾ ಕಾಲದಲ್ಲಿ ಸರ್ಕಾರ ಅದನ್ನು ಮುಂದೂಡಿತು. ಕಾರ್ಮಿಕ ಸಂಘಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಕಾರ್ಮಿಕರ ಪರವಾಗಿ ಆದೇಶ ಕೊಟ್ಟಿತು. ಆದರೂ ಬಹಳಷ್ಟು ಕಾರ್ಖಾನೆಗಳು ಹಣ ಬಿಚ್ಚಲಿಲ್ಲ. ಇದು ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಕೂಲಿಯ ಪ್ರಶ್ನೆ. ಸಂಘಗಳು ಪಟ್ಟು ಬಿಡದೆ ಬಟ್ಟೆ ಕೊಳ್ಳುವ ವಿದೇಶಿ ಕಂಪನಿಗಳವರೆಗೂ ದೂರು ಒಯ್ದವು. ಕೊನೆಗೆ 2022ರ ಆರಂಭದಲ್ಲಿ ಶಾಹಿ ಎಕ್ಸ್‌ಪೋರ್ಟ್ಸ್‌ನಂಥ ದೊಡ್ಡ ರಫ್ತುದಾರರು ಬಾಕಿ ಕೊಡತೊಡಗಿದರು.

417 ರೂಪಾಯಿ ಇಲ್ಲಿ ಒಬ್ಬರ ಒಂದು ಫೀಕಾದ ಖರ್ಚು. ಅಲ್ಲಿ ಅದು ಒಂದು ಮನೆಯ ಬೇಳೆ, ಎಣ್ಣೆ.

ಇದರಲ್ಲಿ ನಮ್ಮ ಪಾಲೂ ಇದೆ. ಕರ್ನಾಟಕದಲ್ಲಿ ಬಟ್ಟೆ ಹೊಲಿಸಿಕೊಂಡ ಕಂಪನಿಗಳಲ್ಲಿ 1947ರಲ್ಲಿ ವೆಸ್ಟೆರೋಸ್‌ನಲ್ಲಿ ಹುಟ್ಟಿದ ಎಚ್ ಅಂಡ್ ಎಂ ಕೂಡ ಒಂದು. ಅದೇ ಕಂಪನಿಯ ಸ್ವೀಡನ್ ಅಂಗಡಿಗಳಲ್ಲಿ ದುಡಿಯುವವರ ಸಂಬಳ ಸಾಮೂಹಿಕ ಒಪ್ಪಂದದಲ್ಲಿ ಬರೆದಿಟ್ಟದ್ದು. ಸೋಜಿಗವೆಂದರೆ, ಈ ದೇಶದಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲ! 1938ರ ಸಾಲ್ಟ್‌ಶೋಬಾಡೆನ್ ಒಪ್ಪಂದ ಗಟ್ಟಿಮಾಡಿದ ದಾರಿಯಲ್ಲಿ ಮಾಲೀಕರೂ ಸಂಘಗಳೂ ಎದುರುಬದುರು ಕೂತು ಕೂಲಿ ನಿಗದಿ ಮಾಡುತ್ತಾರೆ. ಹತ್ತರಲ್ಲಿ ಸುಮಾರು ಒಂಬತ್ತು ನೌಕರರು ಇಂಥ ಒಪ್ಪಂದದ ನೆರಳಿನಲ್ಲಿದ್ದಾರೆ. ಅಲ್ಲಿ ಕಾನೂನಿದ್ದೂ ಕೂಲಿಗಾಗಿ ಹೋರಾಡಬೇಕಾಯಿತು. ಇಲ್ಲಿ ಕಾನೂನಿಲ್ಲದೆಯೂ ಕೂಲಿ ಕೈಸೇರುತ್ತದೆ. ವ್ಯತ್ಯಾಸ ಇರುವುದು ಬರೆದಿಟ್ಟ ಕಾಗದದಲ್ಲಿ, ಅದರ ಹಿಂದೆ ಒಟ್ಟಾಗಿ ನಿಲ್ಲುವ ಜನರಲ್ಲಿ.

ಹೊಸದಾಗಿ ಬಂದಿರುವ ತಮ್ಮ ತಂಗಿಯರೇ, ಸಂಬಳದ ಮಾತನ್ನು ಬರೆಸಿಕೊಳ್ಳಿ. ಕಷ್ಟ ಬರುವ ಮೊದಲೇ ಸಂಘದ ಸದಸ್ಯರಾಗಿ. ಒಬ್ಬರೇ ಹೆದರಿ ಕೂರಬೇಡಿ, ನಮ್ಮಲ್ಲಿ ಯಾರಿಗಾದರೂ ಫೋನ್ ಮಾಡಿ.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು ನಾವು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದನ್ನು ಕಲಿತಿದ್ದೇವೆ. ನಮಗೆ ಕೊಟ್ಟ ಮಾತನ್ನು ಉಳಿಸಿ ಎಂದು ಕೇಳುವುದನ್ನೂ ಕಲಿಯೋಣ. ಇಂದು ನಿಮ್ಮ ಕೈಲಾದಷ್ಟು ಧಾರಾಳವಾಗಿ ದಾನ ಮಾಡಿ. ಆದರೆ ದುಡಿದವರ ಕೂಲಿಯನ್ನು ಮಾತ್ರ ಯಾರೂ ದಾನವೆಂದು ಕರೆಯದಿರಲಿ.

ಸಿರಿಗನ್ನಡಂ ಗೆಲ್ಗೆ.