ಹೊತ್ತು ಮರೆಸುವ ಆಟಗಳ ಹಿಂದೆ

ವಿಡಿಯೋ ಗೇಮ್ ಹಿಡಿದ ಮಗು ಊಟಕ್ಕೆ ಕರೆದರೂ ಓಗೊಡುವುದಿಲ್ಲ ಎಂಬ ದೂರು ಈಗ ಮನೆಮನೆಯಲ್ಲೂ ಇದೆ. ಈ ತನ್ಮಯತೆ ಚಿತ್ರಗಳ ಮೆರುಗಿನಿಂದ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆಟಗಳ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

1978ರಲ್ಲಿ ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ರೂಪಿಸಿದರು. ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ಅನ್ಯಗ್ರಹ ಜೀವಿಗಳು. ಅಷ್ಟನ್ನೂ ಒಟ್ಟಿಗೆ ಸರಿಸುವುದು ಅಂದಿನ ಪ್ರೊಸೆಸರ್‌ಗೆ ಭಾರ, ಹಾಗಾಗಿ ಅವು ನಿಧಾನವಾಗಿ ಬರುತ್ತಿದ್ದವು. ಆಟಗಾರ ಒಂದೊಂದನ್ನೇ ಹೊಡೆದಂತೆಲ್ಲ ಯಂತ್ರದ ಹೊರೆ ಇಳಿದು, ಉಳಿದವುಗಳ ವೇಗ ಏರುತ್ತಿತ್ತು. ನಿಶಿಕಾಡೊ ಇದನ್ನು ದೋಷವೆಂದು ತಿದ್ದಲಿಲ್ಲ, ಆಟದೊಳಗೇ ಉಳಿಸಿಕೊಂಡರು. ನಾಲ್ಕೇ ಸ್ವರಗಳ ಹಿನ್ನೆಲೆ ನಾದವೂ ಜೊತೆಜೊತೆಗೆ ಬಿರುಸಾಗುತ್ತದೆ, ವಿಲಂಬದಿಂದ ದ್ರುತಕ್ಕೆ ಏರುವ ಗಾಯನದ ಹಾಗೆ. ಆಟಗಾರನ ಗೆಲುವೇ ಅವನ ಮುಂದಿನ ಕಷ್ಟವನ್ನು ಹುಟ್ಟಿಸಿತು. ಈ ಕಲೆಯಲ್ಲಿ ಇದಕ್ಕಿಂತ ದೊಡ್ಡ ತಿರುವನ್ನು ನಾನು ಕಾಣೆ.

ಹೀಗೆ ಏರುವ ಕಷ್ಟ ಆಟಗಾರನನ್ನು ಏಕೆ ಹಿಡಿದಿಡುತ್ತದೆ ಎಂದು ಹೇಳಬಲ್ಲ ಪುಸ್ತಕ ಈ ಆಟಕ್ಕಿಂತ ಮೂರು ವರ್ಷ ಮೊದಲೇ ಬಂದಿತ್ತು. ಚದುರಂಗದ ಆಟಗಾರರು, ಬಂಡೆ ಹತ್ತುವವರು, ಶಸ್ತ್ರವೈದ್ಯರು ಕೆಲಸದಲ್ಲಿ ಮೈಮರೆಯುವುದು ಹೇಗೆಂದು ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಅದರಲ್ಲಿ ವಿವರಿಸಿದ್ದರು. ಸವಾಲು ಕೌಶಲವನ್ನು ಮೀರಿದರೆ ಆತಂಕ, ತೀರ ಕಡಿಮೆಯಾದರೆ ಬೇಸರ. ಎರಡೂ ಸರಿತೂಗಿ, ಗುರಿ ಸ್ಪಷ್ಟವಿದ್ದು, ಮಾಡಿದ್ದರ ಫಲ ಕೂಡಲೇ ಕಂಡರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಈ ಸ್ಥಿತಿಯನ್ನು ಅವರು ‘ಫ್ಲೋ’ ಎಂದು ಕರೆದರು.

ಮೆರುಗು ಬೇಕಿಲ್ಲ ಎನ್ನುವುದಕ್ಕೆ 1984ರ ಮಾಸ್ಕೋ ಸಾಕ್ಷಿ. ಅಲೆಕ್ಸೈ ಪಜಿತ್ನೊವ್ ‘ಟೆಟ್ರಿಸ್’ ಬರೆದ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸಲೇ ಬರುತ್ತಿರಲಿಲ್ಲ. ಬೀಳುವ ತುಂಡುಗಳನ್ನು ಅವರು ಬರೀ ಆವರಣ ಚಿಹ್ನೆಗಳಿಂದ ಜೋಡಿಸಿದರು. ಮರುವರ್ಷ ಬಂದ ‘ಸೂಪರ್ ಮಾರಿಯೊ ಬ್ರದರ್ಸ್’ನಲ್ಲಿ ಶಿಗೆರು ಮಿಯಾಮೊಟೊ ಪಾಠವನ್ನೇ ಆಟದೊಳಗೆ ಅಡಗಿಸಿದರು. ಮೊದಲ ಶತ್ರು ಎದುರಿಗೆ ಬರುತ್ತದೆ, ತಾಗಿದರೆ ಸಾವು. ಆದರೆ ಆಗ ಕಳೆದುಕೊಳ್ಳುವುದು ಕೆಲವೇ ಕ್ಷಣ. ಮುಂದಿನ ಸಲ ಬೆರಳು ತಾನಾಗಿ ನೆಗೆತದ ಗುಂಡಿ ಒತ್ತುತ್ತದೆ. ಮಕ್ಕಳಿಗೆ ಕಲಿಸುವ ಪ್ರತಿಯೊಬ್ಬರೂ ಆ ಹಂತವನ್ನು ಒಮ್ಮೆ ಆಡಿ ನೋಡಬೇಕು.

ಇಂದಿನ ಎಷ್ಟೋ ಮೊಬೈಲ್ ಆಟಗಳು ದಿನದ ಬಹುಮಾನ, ಕಾಯಿಸುವ ಗಡಿಯಾರಗಳಿಂದ ಆಟಗಾರರನ್ನು ಹಿಡಿದಿಡುತ್ತವೆ. ಅದನ್ನು ತನ್ಮಯತೆ ಎನ್ನಲು ನನಗೆ ಮನಸ್ಸಿಲ್ಲ. 2006ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಟಗಳಲ್ಲಿನ ಫ್ಲೋ ಸ್ಥಿತಿಯ ಮೇಲೆ ಪ್ರಬಂಧ ಬರೆದ ಜೆನೋವಾ ಚೆನ್ ಬೇರೆ ದಾರಿ ಹಿಡಿದರು. ಅವರ ‘ಫ್ಲೋ’ ಎಂಬ ಆಟದಲ್ಲಿ ನೀರೊಳಗಿನ ಪುಟ್ಟ ಜೀವಿಯಾಗಿ ಈಜುತ್ತೇವೆ. ಕಷ್ಟವೆನಿಸಿದರೆ ಮೇಲಿನ ಪದರಕ್ಕೆ ಬರಬಹುದು, ಸಪ್ಪೆಯೆನಿಸಿದರೆ ಇನ್ನೂ ಆಳಕ್ಕೆ ಇಳಿಯಬಹುದು. ಆ ತೀರ್ಮಾನವನ್ನು ಚೆನ್ ಆಡುವವರಿಗೇ ಬಿಟ್ಟರು.