ಬೆಳೆ ಕಾಯುವ ಕೋವಿ: ಹೆಸರುಳ್ಳ ಹಳೆಯದೋ, ಅಗ್ಗದ ಹೊಸದೋ?

(ಮಲೆನಾಡಿನ ಬೆಳೆಗಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಭತ್ತವು ಹಾಲುಗಟ್ಟುವ ಕಾಲಕ್ಕೆ ಕಾಡುಹಂದಿಯ ಉಪದ್ರವವು ಎಷ್ಟೆಂಬುದನ್ನು ನಾನು ನಿಮಗೆ ಹೇಳಬೇಕಾದುದಿಲ್ಲ. ಒಂದು ಹಿಂಡು ಒಂದೇ ರಾತ್ರಿಯಲ್ಲಿ ಗದ್ದೆಯನ್ನು ಉತ್ತಂತೆ ಮಾಡಿ ಹೋಗುವುದುಂಟು. ಆದಕಾರಣ ಕಾಡಂಚಿನ ಒಕ್ಕಲುಗಳಲ್ಲಿ ನೇಗಿಲು ಕತ್ತಿಗಳಂತೆ ಕೋವಿಯೂ ಬೇಸಾಯದ ಒಂದು ಉಪಕರಣವಾಗಿ ನಡೆದುಬಂದಿದೆ. ಆದರೆ ಎತ್ತನ್ನು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನೊಗಕ್ಕೆ ಹೂಡಿ ನಡೆಯಿಸಿ ನೋಡುವ ರೈತನು ಕೋವಿಯನ್ನು ಕೊಳ್ಳುವಾಗ ಮಾತ್ರ ಅದರ ಹೆಸರನ್ನು ಕೇಳಿ ಹಣವನ್ನು ಎಣಿಸಿಬಿಡುತ್ತಾನೆ. ಕೆಟ್ಟ ಎತ್ತಿನಿಂದ ಹಣವೊಂದೇ ನಷ್ಟ; ಕೆಟ್ಟ ಕೋವಿಯಿಂದ ಕೈ ಹೋದೀತು, ಕಣ್ಣು ಹೋದೀತು.

ನಿಮ್ಮಲ್ಲೊಬ್ಬರು ಮೊನ್ನೆ ನನ್ನನ್ನು ಹೀಗೆ ಪ್ರಶ್ನಿಸಿದರು: “ನೆರೆಯೂರಿನಲ್ಲಿ ಹೆಸರುವಾಸಿಯಾದ ಇಂಗ್ಲಿಷ್ ಜೋಡುನಳಿಗೆ ಕೋವಿಯೊಂದು ಮಾರಾಟಕ್ಕಿದೆ. ಅದಕ್ಕಿಂತ ಕಡಮೆ ಹಣಕ್ಕೆ ನಮ್ಮ ದೇಶದಲ್ಲಿಯೇ ತಯಾರಾದ ಹೊಸ ಕೋವಿ ದೊರೆಯುತ್ತದೆ. ಯಾವುದನ್ನು ಕೊಳ್ಳಲಿ?” ಈ ಪ್ರಶ್ನೆಗೆ ಉತ್ತರವನ್ನು ಕೊಡುವುದೇ ಈ ದಿನದ ನನ್ನ ಮಾತಿನ ಉದ್ದೇಶ.

ಮೊದಲು ಕಾನೂನಿನ ವಿಷಯ. 1959ರ ಆಯುಧ ಕಾಯಿದೆಯಂತೆ ಲೈಸೆನ್ಸಿಲ್ಲದೆ ಕೋವಿಯನ್ನು ಇಟ್ಟುಕೊಳ್ಳತಕ್ಕದ್ದಲ್ಲ. ಬೆಳೆಯ ರಕ್ಷಣೆಗಾಗಿ ಕಾಯಿದೆಯು ಮೊದಲು ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗಳಿಗೆ ಮನವರಿಕೆಯಾದರೆ ನಯವಾದ ನಳಿಗೆಯ ತೋಟೆಕೋವಿಗೂ ಅಪ್ಪಣೆ ದೊರೆಯಬಹುದು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಮುಂದಿನ ಹತ್ತು ವರ್ಷಗಳಿಗೆ ಮುಂದುವರಿಸಲಾಗಿದೆ. ಇನ್ನು, ಲೈಸೆನ್ಸಿರುವುದು ಬೇಟೆಗೆ ರಹದಾರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ, ಬೆಳೆಗೆ ಹಾನಿಮಾಡುವ ಹಂದಿಯನ್ನಾದರೂ ಅಧಿಕಾರವುಳ್ಳವರ ಲಿಖಿತ ಅಪ್ಪಣೆಯಿಲ್ಲದೆ ಕೊಲ್ಲುವುದು ಅಪರಾಧ. ಆನೆ, ಕಾಟಿ, ನವಿಲುಗಳ ಮೇಲೆ ಬೆಳೆಯ ನೆಪದಿಂದ ಈಡು ಹಾರಿಸುವ ಮಾತೇ ಇಲ್ಲ. ಬಹುಪಾಲು ರಾತ್ರಿಗಳಲ್ಲಿ ನಿಮ್ಮ ಕೋವಿಯ ಕೆಲಸವು ಗಾಳಿಗೆ ಒಂದು ಸದ್ದು ಮಾಡಿ ಬೆದರಿಸುವುದು, ಅಷ್ಟೇ. ಕೊಳ್ಳುವಾಗ ಈ ಮಾತು ನೆನಪಿರಲಿ.

ಕೆಲವರು ರೈಫಲನ್ನೇ ಕೊಳ್ಳಬಾರದೇಕೆ ಎಂದು ಕೇಳುತ್ತಾರೆ. ರೈಫಲಿನ ಗುಂಡು ಒಂದು ಮೈಲಿಯನ್ನೂ ಮೀರಿ ಹೋಗಬಲ್ಲುದು. ಕಣಿವೆಯ ಆಚೆ ಮನೆಯಿರುವ, ತೋಟದೊಳಗೆ ಆಳುಗಳು ನಡೆದಾಡುವ ನಮ್ಮ ಸೀಮೆಯಲ್ಲಿ ಅದು ಬೆಳೆ ಕಾಯುವ ಉಪಕರಣವಲ್ಲ. ಆದುದರಿಂದ ಚರೆಯ ಕೋವಿಯ ಮಾತನ್ನೇ, ಅದರಲ್ಲಿಯೂ ಎಲ್ಲೆಡೆಯೂ ಬಳಕೆಯಲ್ಲಿರುವ 12 ಬೋರಿನ ಕೋವಿಯ ಮಾತನ್ನೇ ಹೇಳುತ್ತೇನೆ.

ಹಳೆಯ ಇಂಗ್ಲಿಷ್ ಕೋವಿಯ ಗುಣವನ್ನು ಅಲ್ಲಗಳೆಯುವಂತಿಲ್ಲ. ಒಳ್ಳೆಯ ಕುಶಲಿಗಳು ಕೈಯಿಂದ ಉಜ್ಜಿ ಕೂಡಿಸಿದ ಕೀಲು, ಹದವಾದ ತೂಕ, ಹೆಗಲಿಗೆ ತಾನಾಗಿ ಬಂದು ಕೂರುವ ಮರ, ಇವು ಅಗ್ಗದ ಕೋವಿಯಲ್ಲಿ ದೊರೆಯುವುದು ಅಪೂರ್ವ. ಆದರೆ ಅದರ ಬೆಲೆಯಲ್ಲಿ ಗುಣದ ಪಾಲೆಷ್ಟು, ವಿರಳತೆಯ ಪಾಲೆಷ್ಟು ಎಂಬುದನ್ನು ವಿಚಾರಿಸಬೇಕು. 1980ರ ದಶಕದಿಂದೀಚೆಗೆ ಸಾಮಾನ್ಯ ಜನರಿಗಾಗಿ ವಿದೇಶದ ಕೋವಿಗಳು ಆಮದಾಗುವುದು ಬಹುಮಟ್ಟಿಗೆ ನಿಂತುಹೋದುದರಿಂದ, ಇರುವ ಕೆಲವನ್ನೇ ಹಲವರು ಬಯಸುತ್ತಾರೆ. ವಿರಳತೆಗಾಗಿ ತೆತ್ತ ಹಣವು ಹಂದಿಯನ್ನು ಒಂದು ಗಜವೂ ದೂರಕ್ಕೆ ಅಟ್ಟುವುದಿಲ್ಲ.

ಇದಕ್ಕಿಂತ ಮುಖ್ಯವಾದುದು ತೋಟೆಯ ಅಳತೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು ಎರಡೂವರೆ ಅಂಗುಲದ, ಎಂದರೆ 65 ಮಿಲಿಮೀಟರಿನ ತೋಟೆಗಾಗಿ ಮಾಡಿದವು. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಕ್ಕುವುದು 70 ಮಿಲಿಮೀಟರಿನದು. ಹಾರಿಸುವ ಮುನ್ನ ತೋಟೆಯ ಬಾಯಿ ಮಡಿಚಿಕೊಂಡಿರುವುದರಿಂದ ಉದ್ದನೆಯ ತೋಟೆಯೂ ಗಿಡ್ಡ ಗೂಡಿನೊಳಗೆ ಸಲೀಸಾಗಿ ಕೂರುತ್ತದೆ. ಕೂತಿತೆಂದು ರೈತನು ನಂಬುತ್ತಾನೆ. ಹಾರಿಸಿದಾಗ ಆ ಮಡಿಕೆಯು ಬಿಚ್ಚಲು ಸ್ಥಳವಿಲ್ಲದೆ ನಳಿಗೆಯು ಕಿರಿದಾಗುವ ಭಾಗಕ್ಕೆ ನುಗ್ಗಿ ಅಡ್ಡವಾಗುತ್ತದೆ. ಒಳಗಿನ ಒತ್ತಡವು ಮಿತಿಮೀರಿ ಏರುತ್ತದೆ. ಮತ್ತೊಂದು ಅಪಾಯವೇನೆಂದರೆ, ನಳಿಗೆಯ ಮೈಮೇಲೆ ನೀರಲೆಯಂತಹ ನಮೂನೆ ಕಂಡರೆ ಅದು ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೊಸೆದು ಬೆಸೆದ ಡಮಾಸ್ಕಸ್ ನಳಿಗೆ. ನೋಡಲು ಬಲು ಚೆಲುವು. ಆದರೆ ಅವುಗಳಲ್ಲಿ ಹೆಚ್ಚಿನವು ಕಪ್ಪುಮದ್ದಿಗೆ ಮಾತ್ರವೇ ಪರೀಕ್ಷಿಸಲ್ಪಟ್ಟವು. ಹೊಗೆಯಿಲ್ಲದ ಈಗಿನ ಮದ್ದಿನ ತೋಟೆಯನ್ನು ಅದರಲ್ಲಿ ಹಾಕಬಾರದು.

ನಾನು ಬಲ್ಲ ಬೆಳೆಗಾರರೊಬ್ಬರು ಇಂತಹ ಕೋವಿಯನ್ನು ಹೊಸದಾಗಿ ಕಪ್ಪೇರಿಸಿದ ಹೊಳಪನ್ನು ನೋಡಿ ಕೊಂಡರು. “ನಮ್ಮ ಅಜ್ಜನ ಕಾಲದಿಂದ ಹಾರುತ್ತಿದೆ, ಏನೂ ಆಗಿಲ್ಲ” ಎಂದು ಮಾರಿದವರು ಹೇಳಿದ್ದರು. ಆ ಮಾತು ಸುಳ್ಳಲ್ಲ. ಅಜ್ಜನು ಹಾಕುತ್ತಿದ್ದುದು ಬೇರೆ ತೋಟೆ. ಎರಡನೆಯ ಮಳೆಗಾಲದಲ್ಲಿ ನಳಿಗೆಯು ಬುಡದ ಬಳಿ ಸೀಳಿತು. ಈಗ ಅವರು ಎಡಗೈಯ ಎರಡು ಬೆರಳುಗಳಿಲ್ಲದೆ ಭತ್ತದ ಸಿವುಡು ಕಟ್ಟುತ್ತಾರೆ.

ಆದುದರಿಂದ ಹಳೆಯ ಕೋವಿಯನ್ನು ಕೊಳ್ಳುವವರು ಈ ಪರೀಕ್ಷೆಗಳನ್ನು ತಪ್ಪದೆ ಮಾಡತಕ್ಕದ್ದು. ಎಲ್ಲಕ್ಕಿಂತ ಮೊದಲು ಕೋವಿಯನ್ನು ಮುರಿದು ಒಳಗೆ ತೋಟೆಯಿಲ್ಲವೆಂಬುದನ್ನು ಕಣ್ಣಾರೆ ನೋಡಿಕೊಳ್ಳಬೇಕು.

1. ನಳಿಗೆಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು ಒಳಗೆ ನೋಡಿರಿ. ತುಕ್ಕಿನ ಕುಳಿಗಳಿವೆಯೆ? ಉಂಗುರದಂತಹ ನೆರಳು ಕಾಣುವುದೆ? ಕಂಡರೆ ಅಲ್ಲಿ ನಳಿಗೆ ಉಬ್ಬಿರಬಹುದು, ಬಿಟ್ಟುಬಿಡಿರಿ.

2. ಬಿಚ್ಚಿದ ನಳಿಗೆಗಳನ್ನು ತೂಗಹಾಕಿ ಬೆರಳಿನ ಗೆಣ್ಣಿನಿಂದ ತಟ್ಟಿರಿ. ಗಂಟೆಯಂತೆ ನಾದ ಬಂದರೆ ನಡುವಿನ ಬೆಸುಗೆ ಭದ್ರ. ಒಡೆದ ಮಡಕೆಯಂತೆ ಸದ್ದಾದರೆ ಬೆಸುಗೆ ಸಡಲಿದೆ.

3. ನಳಿಗೆಯ ಕೆಳಗಿನ ಮರವನ್ನು ತೆಗೆದು, ಕೋವಿಯನ್ನು ಮುಚ್ಚಿ, ಅಲುಗಾಡಿಸಿರಿ. ಕೀಲಿನಲ್ಲಿ ಅದುರು ಕಂಡರೂ, ನಳಿಗೆಯ ಬುಡದಲ್ಲಿ ಬೆಳಕು ಇಣುಕಿದರೂ ದುರಸ್ತಿಯಾಗದೆ ಆ ಕೋವಿಯನ್ನು ಹಾರಿಸಲಾಗದು.

4. ಪರೀಕ್ಷಾಮುದ್ರೆಗಳನ್ನು ಓದಿರಿ. ಇಂಗ್ಲಿಷ್ ಕೋವಿಯಾದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹದ ಮುದ್ರೆಯು ನಳಿಗೆಯ ಬುಡದಡಿಯಲ್ಲಿರುತ್ತದೆ. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆಯೆ ಎಂಬುದನ್ನು ತಿಳಿದವರಿಂದ ಓದಿಸಿರಿ. ತೋಟೆಯ ಗೂಡನ್ನು ಅಳೆಯಿಸಿರಿ. ಕುಳಿಗಳನ್ನು ಮರೆಸಲು ಒಳಗೆ ಉಜ್ಜಿದ ನಳಿಗೆಯು ತೆಳುವಾಗಿರುತ್ತದೆ. ಗೋಡೆಯ ದಪ್ಪವನ್ನೂ ಅಳೆಯಿಸಿರಿ.

5. ಹಿಂಬದಿಯ ಮರವು ಹಿಡಿಯ ಬಳಿ ಸಪುರವಾಗಿರುವಲ್ಲಿ ಬಿರುಕಿದೆಯೆ ನೋಡಿರಿ. ಸೇಫ್ಟಿಯು ಹಿಡಿಯುವುದೆ, ಟ್ರಿಗರು ಸೋಕಿದ ಮಾತ್ರಕ್ಕೆ ಕಳಚುವುದೆ ಎಂಬುದನ್ನು ಹುಸಿತೋಟೆ ಹಾಕಿ ಪರೀಕ್ಷಿಸಿರಿ.

6. ಕೋವಿಯ ಮೇಲಿನ ನಂಬರೂ ಮಾರುವವನ ಲೈಸೆನ್ಸಿನ ನಂಬರೂ ಒಂದೇ ಆಗಿರಬೇಕು. ಲೈಸೆನ್ಸುದಾರನು ತನ್ನ ಕೋವಿಯನ್ನು ಮಾರುವ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗಾಗಲಿ ಹತ್ತಿರದ ಪೋಲೀಸ್ ಠಾಣೆಗಾಗಲಿ ಬರೆದು ತಿಳಿಸಿ, 45 ದಿನಗಳು ಕಳೆಯುವವರೆಗೆ ಕಾಯತಕ್ಕದ್ದು. “ಈಗಲೇ ಒಯ್ಯಿರಿ, ಕಾಗದ ಆಮೇಲೆ” ಎನ್ನುವವನಿಂದ ಕೊಳ್ಳಬೇಡಿರಿ.

ಇನ್ನು ಅಗ್ಗದ ಹೊಸ ಕೋವಿ. ಅದರ ಮರ ಒರಟು, ಟ್ರಿಗರು ಬಿಗಿ, ತೂಕ ಹೆಚ್ಚು ಎಂಬ ದೂರುಗಳು ಅನೇಕವೇಳೆ ನಿಜ. ಆದರೆ ಅದು ಇಂದಿನ ತೋಟೆಗೆಂದೇ ತಯಾರಾದುದು, ಇಂದಿನ ಮದ್ದಿಗೆ ಪರೀಕ್ಷೆಯಾದುದು, ಬಿಡಿಭಾಗವು ದೊರೆಯುತ್ತದೆ, ಕಾಗದಪತ್ರಗಳು ನೇರವಾಗಿರುತ್ತವೆ. ಅದರ ದೋಷಗಳು ತೋಳನ್ನು ದಣಿಸುತ್ತವೆ; ಹಳೆಯದರ ದೋಷಗಳು ತೋಳನ್ನೇ ತೆಗೆಯಬಲ್ಲವು. ಹೊಸದೆಂದು ಕಣ್ಣುಮುಚ್ಚಿಯೂ ಕೊಳ್ಳಬಾರದು. ಮುದ್ರೆ, ಮುಚ್ಚುವ ಬಿಗಿ, ಸೇಫ್ಟಿ, ಇವುಗಳನ್ನು ಅಂಗಡಿಯಲ್ಲಿಯೇ ನೋಡಬೇಕು. ಅನುಮತಿಯಿರುವ ಸ್ಥಳದಲ್ಲಿ 40 ಗಜದ ದೂರದಿಂದ ದೊಡ್ಡ ಕಾಗದಕ್ಕೆ ಹೊಡೆದು, ದಟ್ಟವಾಗಿ ಬಿದ್ದ ಚರೆಯ ಸುತ್ತ 30 ಅಂಗುಲದ ವೃತ್ತವನ್ನು ಎಳೆದು ಎಣಿಸಿರಿ. ಚೋಕಿಲ್ಲದ ನಳಿಗೆಯು ತನ್ನ ಚರೆಗಳಲ್ಲಿ ಸುಮಾರು ನೂರಕ್ಕೆ 40ರಷ್ಟನ್ನೂ, ಪೂರ್ತಿ ಚೋಕಿನ ನಳಿಗೆಯು 70ರಷ್ಟನ್ನೂ ಅದರೊಳಗೆ ಹಾಕತಕ್ಕದ್ದು. ಎರಡು ನಳಿಗೆಗಳೂ ಒಂದೇ ಎಡೆಗೆ ಹೊಡೆಯುವುವೆ ಎಂಬುದೂ ಆಗಲೇ ತಿಳಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಹಳೆಯ ಕೋವಿಯ ಬೆಲೆಗೆ ಕುಶಲಿಯ ಪರೀಕ್ಷೆಯ ಕೂಲಿಯನ್ನೂ, ಕೀಲು ಬಿಗಿಮಾಡಿಸುವ ಖರ್ಚನ್ನೂ, ಗಿಡ್ಡ ತೋಟೆಯನ್ನು ಹುಡುಕುವ ಕಷ್ಟವನ್ನೂ ಕೂಡಿಸಿ ನೋಡಿರಿ. ಆರು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗಿ, ಗೂಡು 70 ಮಿಲಿಮೀಟರಿನದಾಗಿ, ಈ ಮೊತ್ತವು ಕೈಗೆ ಎಟುಕುವಂತಿದ್ದರೆ ಹಳೆಯದನ್ನು ಸಂತೋಷದಿಂದ ಕೊಳ್ಳಿರಿ. ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಒಂದು ಪರೀಕ್ಷೆಯಲ್ಲಿ ಸಂದೇಹವುಂಟಾದರೂ ಹೊಸದನ್ನೇ ಕೊಳ್ಳಿರಿ. ಉಳಿದ ಹಣವನ್ನು ಬೇಲಿಗೆ ಹಾಕಿರಿ, ಬೇಲಿಯು ನಿದ್ದೆಮಾಡುವುದಿಲ್ಲ.

ಕೊನೆಯದಾಗಿ, ಯಾವ ಕೋವಿಯಾದರೂ ನಮ್ಮ ಮಳೆಯನ್ನು ತಡೆಯಲಾರದು. ಹಾರಿಸಿದ ರಾತ್ರಿಯೇ ನಳಿಗೆಯನ್ನು ಒರಸಿ ತೆಳುವಾಗಿ ಎಣ್ಣೆ ಸವರಿರಿ. ಮಾಳದಿಂದ ಇಳಿಯುವ ಮುನ್ನ ತೋಟೆಯನ್ನು ತೆಗೆಯಿರಿ. ನಳಿಗೆಯ ಬಾಯಿಗೆ ಮಣ್ಣು ಹೊಕ್ಕಿದೆಯೆಂಬ ಅನುಮಾನ ಬಂದರೆ ತೆಗೆದು ನೋಡದೆ ಹಾರಿಸಬೇಡಿರಿ. ಕತ್ತಲೆಯಲ್ಲಿ ಅಲುಗಾಡಿದುದೆಲ್ಲವೂ ಹಂದಿಯಲ್ಲ. ನೀರು ತಿರುಗಿಸಲು ಬಂದ ನೆರೆಯವನೂ ಆಗಿರಬಹುದು. ಬೆಳೆ ಹೋದರೆ ಮುಂದಿನ ವರ್ಷ ಬೆಳೆಯಬಹುದು.