ಬಾಹೂರಿನ ಉಡುಗೊರೆ

(ಕೊಲ್ಕತ್ತದ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಹೌರಾದಲ್ಲಿ ಲೋಕಲ್ ರೈಲು ಹತ್ತಿದರೆ ಒಂದು ಗಂಟೆಯಲ್ಲಿ ಚಂದನ್‌ನಗರ ಸಿಗುತ್ತದೆ. ಹೂಗ್ಲಿಯ ದಂಡೆಯ ಮೇಲೆ ಫ್ರೆಂಚರು ಬೆಳೆಸಿದ ಊರು ಅದು. ಚಳಿಗಾಲದ ಒಂದು ಭಾನುವಾರ ನಾವು ಕೆಲವರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ನದಿಯ ಕಟ್ಟೆಯ ಮೇಲೆ ಕುಳಿತು ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದಾಗ ಒಬ್ಬ ಹುಡುಗ ಕೇಳಿದ: “ಮಾಮ, ಫ್ರೆಂಚರು ಹೈದರಾಲಿಯ ಸ್ನೇಹಿತರು ಅಂತ ಪುಸ್ತಕದಲ್ಲಿದೆ. ಸ್ನೇಹಿತರಾಗಿದ್ದರೆ ಮೈಸೂರು ಯಾಕೆ ಸೋತಿತು?” ಅಂದು ನಾನು ಏನೋ ಹಾರಿಕೆಯ ಉತ್ತರ ಕೊಟ್ಟು ತಪ್ಪಿಸಿಕೊಂಡೆ. ಆ ಹುಡುಗನ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರವೇ ಇಂದಿನ ಈ ಭಾಷಣ.

ಉತ್ತರವನ್ನು ಒಂದು ಖಡ್ಗದಿಂದ ಆರಂಭಿಸುತ್ತೇನೆ. ಫ್ರೆಂಚ್ ನೌಕಾಪಡೆಯ ಸುಫ್ರೆನ್ ಎಂಬ ದಂಡನಾಯಕ ಹಿಂದೂ ಮಹಾಸಾಗರದ ಯುದ್ಧ ಮುಗಿಸಿ 1784ರಲ್ಲಿ ಸ್ವದೇಶಕ್ಕೆ ಮರಳಿದಾಗ ಅವನಿಗೆ ಸಂದ ಮನ್ನಣೆಗೆ ಮಿತಿಯಿರಲಿಲ್ಲ. ಡಚ್ಚರು ಅವನ ಶೌರ್ಯವನ್ನು ಮೆಚ್ಚಿ ಗೌರವದ ಖಡ್ಗವನ್ನು ಅರ್ಪಿಸಿದರು. ಊದೋನ್ ಎಂಬ ಮಹಾಶಿಲ್ಪಿಯಿಂದ ಅವನ ಅಮೃತಶಿಲೆಯ ಪ್ರತಿಮೆಯನ್ನೂ ಮಾಡಿಸಿದರು. ಇದು ಸುಮ್ಮನೆ ಉಕ್ಕಿದ ಪ್ರೀತಿಯಲ್ಲ. ಗುಡ್‌ಹೋಪ್ ಭೂಶಿರದ ತಮ್ಮ ನೆಲೆಯನ್ನು ಇಂಗ್ಲಿಷರ ಬಾಯಿಂದ ಅವನು ತಪ್ಪಿಸಿದ್ದ. ಅವರ ಕೈಬಿಟ್ಟಿದ್ದ ಸಿಂಹಳದ ತ್ರಿಂಕೋಮಲಿಯನ್ನು ಇಂಗ್ಲಿಷರಿಂದ ಕಿತ್ತುಕೊಂಡಿದ್ದ. ಸಂದಾಯವಾದ ಉಪಕಾರಕ್ಕೆ ಸಂದ ಪ್ರತಿಫಲ ಆ ಖಡ್ಗ.

ಆದರೆ ಡಚ್ಚರಿಗಿಂತ ಎರಡು ವರ್ಷ ಮೊದಲೇ ಈ ಮನುಷ್ಯನನ್ನು ಗೌರವಿಸಿದವನು ಮೈಸೂರಿನ ನವಾಬ ಹೈದರಾಲಿ. 1782ರ ಜುಲೈ ಕೊನೆಯಲ್ಲಿ, ಪುದುಚೇರಿಯ ದಕ್ಷಿಣಕ್ಕಿರುವ ಬಾಹೂರಿನ ಪಾಳೆಯದಲ್ಲಿ ಅವರಿಬ್ಬರ ಭೇಟಿಯಾಯಿತು. ಹೈದರನು ಅವನನ್ನು ಕರೆತರಲು ತನ್ನ ಅಶ್ವದಳವನ್ನು ಕಳಿಸಿದ. ಸುಫ್ರೆನ್ ಬಹಳ ಸ್ಥೂಲಕಾಯದವನು. ನೆಲದ ಮೇಲೆ ದರ್ಬಾರಿನ ರೀತಿಯಲ್ಲಿ ಕುಳಿತುಕೊಳ್ಳಲಾರದೆ ಒದ್ದಾಡುತ್ತಿದ್ದುದನ್ನು ಕಂಡು ಹೈದರನೇ ದಿಂಬುಗಳನ್ನು ತರಿಸಿ, ರಿವಾಜನ್ನು ಬದಿಗಿಟ್ಟು ಅನುಕೂಲದಂತೆ ಕೂರಲು ಹೇಳಿದನಂತೆ. ಖಿಲ್ಲತ್ತು, ರತ್ನಾಭರಣಗಳ ಉಡುಗೊರೆಗಳಾದವು. ಓದುಬರಹ ಬಾರದ, ಯಾರಿಗೂ ಸುಲಭವಾಗಿ ತಲೆಬಾಗದ, ಅರವತ್ತು ದಾಟಿದ ಒಬ್ಬ ಯೋಧ ಪರದೇಶದ ಹಡಗಿನವನೊಬ್ಬನಿಗೆ ಇಷ್ಟು ಉಪಚಾರ ಮಾಡಬೇಕಾದರೆ ಕಾರಣವಿರಲೇಬೇಕು.

ಕಾರಣವನ್ನು ಕರಾವಳಿಯಲ್ಲಿ ಹುಡುಕಬೇಕು. ಹೈದರನಿಗೆ ಹಡಗುಗಳ ಹಂಬಲವಿತ್ತು. ಮಂಗಳೂರಿನಲ್ಲಿ ಅವನು ಕಷ್ಟಪಟ್ಟು ಒಂದು ನೌಕಾಪಡೆಯನ್ನು ಕಟ್ಟಿಕೊಂಡಿದ್ದ. 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಅಲ್ಲಿಗೆ ನುಗ್ಗಿ ಆ ಹಡಗುಗಳನ್ನು ಬಂದರಿನಲ್ಲೇ ಸುಟ್ಟು ನಾಶಮಾಡಿದ. ಪೊಳ್ಳಿಲೂರಿನಲ್ಲಿ ಬೈಲಿಯ ಪಡೆಯನ್ನು ನುಚ್ಚುನೂರು ಮಾಡಿ ಮೂರು ತಿಂಗಳೂ ಆಗಿರಲಿಲ್ಲ. ನೆಲದ ಮೇಲೆ ಗೆದ್ದವನಿಗೆ ನೀರಿನ ಮೇಲೆ ಒಂದು ದೋಣಿಯೂ ಉಳಿಯಲಿಲ್ಲ.

ಮುಂದಿನ ಸಂಗತಿ ಇನ್ನೂ ಕಹಿಯಾದದ್ದು. ಬೈಲಿಯ ಸೋಲಿನ ಸುದ್ದಿ ಈ ನಮ್ಮ ಕಲಕತ್ತೆಗೆ ಮುಟ್ಟಿದೊಡನೆ ವಾರನ್ ಹೇಸ್ಟಿಂಗ್ಸ್ ಇಲ್ಲಿಂದ ಹಣವನ್ನೂ ಸೈನ್ಯವನ್ನೂ ಕೊಟ್ಟು ಐರ್ ಕೂಟನನ್ನು ಮದರಾಸಿಗೆ ಹಡಗಿನಲ್ಲಿ ಕಳಿಸಿದ. ಮೇದಿನೀಪುರದ ಕಡೆಯಿಂದ ಬಂಗಾಳದ ಸಿಪಾಯಿಗಳು ಒಡಿಶಾದ ಕರಾವಳಿ ಹಿಡಿದು ಕಾಲ್ನಡಿಗೆಯಲ್ಲಿ ಹೊರಟರು. ಬಂಗಾಳದ ರೈತನ ಕಂದಾಯ ಮೈಸೂರಿನ ಮೇಲಿನ ಯುದ್ಧಕ್ಕೆ ಅನ್ನವಾಯಿತು. 1781ರ ಫೆಬ್ರವರಿಯಲ್ಲಿ ಕೂಟನ ಸೈನ್ಯ ಕಡಲೂರಿನ ಬಳಿ ಸಿಕ್ಕಿಕೊಂಡಿತು: ಸುತ್ತಲೂ ಹೈದರನ ಸವಾರರು, ಉಣ್ಣಲು ಅಕ್ಕಿಯಿಲ್ಲ, ಏನು ಬಂದರೂ ಕಡಲಿನಿಂದಲೇ ಬರಬೇಕು. ಆ ಕಡಲಲ್ಲಿ ಆಗ ನಿಂತಿದ್ದುದು ಡಾರ್ವ್ ಎಂಬುವನ ಫ್ರೆಂಚ್ ನೌಕಾಪಡೆ. ಕೆಲವು ದಿನ ಕಾದಿದ್ದರೆ ಕೂಟನು ಹಸಿವಿನಿಂದಲೇ ಶರಣಾಗುತ್ತಿದ್ದ. ಹೈದರ್ ಬೇಡಿಕೊಂಡ. ಡಾರ್ವ್ ಲಂಗರು ಎತ್ತಿಸಿ ಹೊರಟುಹೋದ. ಅದೇ ಕೂಟ್ ಜುಲೈ ಒಂದರಂದು ಪೋರ್ಟೊ ನೋವೊದಲ್ಲಿ ಹೈದರನನ್ನು ಸೋಲಿಸಿದ. ಭೂಮಿಯ ಮೇಲೆ ಇಂಗ್ಲಿಷರನ್ನು ಹಣ್ಣುಮಾಡಬಲ್ಲೆ, ಕಡಲನ್ನು ಬತ್ತಿಸಲಾರೆ ಎಂಬರ್ಥದ ಮಾತೊಂದನ್ನು ಹೈದರನ ಬಾಯಿಗೆ ಇತಿಹಾಸಕಾರರು ಹಾಕುತ್ತಾರೆ. ಅವನು ಆಡಿದನೋ ಇಲ್ಲವೋ, ಆಡುವಷ್ಟು ಅನುಭವಿಸಿದ್ದನೆಂಬುದರಲ್ಲಿ ಸಂದೇಹವಿಲ್ಲ.

ಇಂಥ ಹೊತ್ತಿನಲ್ಲಿ ಬಂದವನು ಸುಫ್ರೆನ್. ಬಂದವನು ಓಡಲಿಲ್ಲ. 1782ರ ಫೆಬ್ರವರಿಯಲ್ಲಿ ಸದ್ರಾಸಿನ ಬಳಿ, ಏಪ್ರಿಲ್‌ನಲ್ಲಿ ಸಿಂಹಳದ ತೀರದಲ್ಲಿ, ಜುಲೈ ಆರರಂದು ನಾಗಪಟ್ಟಣದ ಎದುರು, ಮೂರು ಸಲ ಅವನು ಹ್ಯೂಸ್‌ನ ಮೇಲೆ ಬಿದ್ದ. ಯಾವುದರಲ್ಲೂ ಪೂರ್ಣ ಜಯವಿಲ್ಲ. ಆದರೆ ಮಂಗಳೂರಿನ ಹಡಗುಗಳನ್ನು ಸುಟ್ಟ ಅದೇ ಹ್ಯೂಸ್ ಈಗ ತನ್ನ ಹಡಗುಗಳ ಹರಿದ ಹಾಯಿಗಳನ್ನು ಹೊಲಿಸಿಕೊಳ್ಳುತ್ತಿದ್ದ. ಹೈದರನಿಗೆ ಅಷ್ಟು ಸಾಕಾಗಿತ್ತು.

ನಮ್ಮ ಆತಕೂರಿನ ಶಾಸನ ಇಲ್ಲಿ ನೆನಪಾಗುತ್ತದೆ. ಹತ್ತನೆಯ ಶತಮಾನದಲ್ಲಿ ತಕ್ಕೋಲದ ಕಾಳಗ ಮುಗಿದ ಮೇಲೆ ರಾಷ್ಟ್ರಕೂಟ ಮೂರನೆಯ ಕೃಷ್ಣನು ಮಣಲೆರನ ಶೌರ್ಯಕ್ಕೆ ಮೆಚ್ಚಿದಾಗ, ಆ ವೀರ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನೆಟ್ಟರು. ಎಂಥ ನಿರಾಳವಾದ ಕೊಡುಕೊಳ್ಳುವಿಕೆ! ಅದು ಮಾಡಿ ಮುಗಿಸಿದ ಕೆಲಸಕ್ಕೆ ಕೊಟ್ಟ ಮೆಚ್ಚು. ಬಾಹೂರಿನದು ಇನ್ನೂ ಆಗದ ಕೆಲಸಕ್ಕೆ ಕೊಟ್ಟ ಮುಂಗಡ. “ನೀನಾದರೂ ಬಿಟ್ಟುಹೋಗಬೇಡ” ಎಂಬ ಮಾತು ಆ ಖಿಲ್ಲತ್ತಿನ ಮಡಿಕೆಯಲ್ಲಿತ್ತು ಎಂದು ನನ್ನ ಊಹೆ.

ಇದು ನಮಗೆ ಅಪರಿಚಿತವಾದ ಶಾಸ್ತ್ರವೇನೂ ಅಲ್ಲ. ಬೆಂಗಳೂರಿನಿಂದ ಗಣ್ಯರು ಬಂದಾಗ ಹೊರನಾಡಿನ ಸಂಘಗಳವರು ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕುತ್ತೇವೆ. ಭವನಕ್ಕೆ ಸಹಾಯಧನ, ಮಕ್ಕಳಿಗೆ ಕನ್ನಡದ ಮೇಷ್ಟ್ರು ಎಂಬ ಎರಡು ಮಾತು ಸನ್ಮಾನಪತ್ರದ ಕೊನೆಯ ಸಾಲಿನಲ್ಲಿರುತ್ತದೆ. ಅವರು ಕಣ್ಣೊರೆಸಿಕೊಂಡು ವಿಮಾನ ಹತ್ತುತ್ತಾರೆ. ನಗಬೇಡಿ, ಪೇಟ ಕಟ್ಟಿದ ಕೈಗಳಲ್ಲಿ ನನ್ನವೂ ಇದ್ದವು.

ಬಾಹೂರಿನ ಭೇಟಿಯ ನೆರಳಿನಲ್ಲೇ ಇನ್ನೊಂದು ಕೊಡುಗೆಯೂ ನಡೆಯಿತು. ಅದನ್ನು ಯಾವ ಖಡ್ಗದ ಮೇಲೂ ಕೆತ್ತಿಲ್ಲ. ಸುಫ್ರೆನ್‌ನ ಹಡಗುಗಳಲ್ಲಿ ಇಂಗ್ಲಿಷ್ ಸೆರೆಯಾಳುಗಳು ತುಂಬಿದ್ದರು. ಅವರಿಗೆ ಹಾಕಲು ಅನ್ನವಿಲ್ಲ, ಇಡಲು ಸ್ಥಳವಿಲ್ಲ. ವಿನಿಮಯ ಮಾಡಿಕೊಳ್ಳೋಣವೆಂದರೆ ಮದರಾಸಿನ ಗವರ್ನರ್ ಮೆಕಾರ್ಟ್ನಿ ಒಪ್ಪಲಿಲ್ಲ. ಆಗಸ್ಟ್ ತಿಂಗಳಲ್ಲಿ ಆ ನೂರಾರು ಜನರನ್ನು ಸುಫ್ರೆನ್ ಹೈದರನಿಗೆ ಒಪ್ಪಿಸಿಬಿಟ್ಟ. ‘ಹ್ಯಾನಿಬಲ್’ ಎಂಬ ಹಡಗಿನಲ್ಲಿ ಸೆರೆಸಿಕ್ಕ ಜೇಮ್ಸ್ ಸ್ಕರಿ ಎಂಬ ಹುಡುಗ ಅವರಲ್ಲೊಬ್ಬ, ಹದಿನಾರರ ಆಸುಪಾಸಿನವನು. ಅವನನ್ನು ಬೆಂಗಳೂರಿಗೂ ಅಲ್ಲಿಂದ ಶ್ರೀರಂಗಪಟ್ಟಣಕ್ಕೂ ನಡೆಸಿದರು, ಬಲವಂತವಾಗಿ ಮತಾಂತರಿಸಿ ಚೇಲಾ ದಳಕ್ಕೆ ಸೇರಿಸಿದರು. 1784ರ ಮಂಗಳೂರು ಒಪ್ಪಂದದಲ್ಲಿ ಸೆರೆಯಾಳುಗಳ ಬಿಡುಗಡೆಯಾದಾಗಲೂ ಅವನು ಹೊರಬರಲಿಲ್ಲ. ಹತ್ತು ವರ್ಷ ನಮ್ಮ ಸೀಮೆಯಲ್ಲಿ ಕಳೆದು, ಚಿತ್ರದುರ್ಗದ ಕಡೆಯಿಂದ ತಪ್ಪಿಸಿಕೊಂಡ. ಅವನ ಆತ್ಮಕಥೆ ಅಚ್ಚಾದದ್ದು 1824ರಲ್ಲಿ, ಅವನು ಸತ್ತ ಮೇಲೆ. ಕನ್ನಡನಾಡಿನವನಾಗಿ ಈ ಅಧ್ಯಾಯವನ್ನು ಓದುವಾಗ ನನಗೆ ಮುಜುಗರವಾಗುತ್ತದೆ, ಆಗಲೇಬೇಕು. ಇದನ್ನು ಮರೆಮಾಚಿ ಹೈದರ್-ಟಿಪ್ಪುಗಳನ್ನು ಹೊಗಳುವವರೂ, ಇದೊಂದನ್ನೇ ಹಿಡಿದು ತೆಗಳುವವರೂ ಆ ಹುಡುಗನಿಗೆ ನ್ಯಾಯ ಮಾಡುವುದಿಲ್ಲ. ಅವನನ್ನು ಒಪ್ಪಿಸಿದ ಕೈ ಯಾವುದು, ಒಪ್ಪಿಸುವಂತೆ ಮಾಡಿದ ಹಟ ಯಾರದು, ಒಪ್ಪಿಸಿಕೊಂಡವರು ಯಾರು ಎಂದು ಮೂರನ್ನೂ ಕೇಳಬೇಕು.

ಹೈದರ್ 1782ರ ಡಿಸೆಂಬರ್ ಏಳರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡ. ಮಳೆಗಾಲ ಕಳೆಯಲು ಸುಮಾತ್ರದ ಆಚೆಗೆ ಹೋಗಿದ್ದ ಸುಫ್ರೆನ್‌ಗೆ ಈ ಸುದ್ದಿ ತಿಳಿದದ್ದು ಜನವರಿಯಲ್ಲಿ, ಗಂಜಾಮಿನ ಎದುರು, ಅವನು ಹಿಡಿದ ‘ಕೋವೆಂಟ್ರಿ’ ಎಂಬ ಇಂಗ್ಲಿಷ್ ಹಡಗಿನವರ ಬಾಯಿಂದ. ಮಿತ್ರನ ಸಾವನ್ನು ಶತ್ರು ಬಂದು ಹೇಳಬೇಕಾಯಿತು! ನಾವು ಪುರಿಗೆ ಹೋದಾಗ ನೋಡಿ ನಲಿಯುವ ಇದೇ ಕಡಲಿನ ಮೇಲೆ.

ಸುಫ್ರೆನ್ ಕೊಟ್ಟ ಭರವಸೆಯಂತೆ ಫ್ರಾನ್ಸಿನಿಂದ ಬುಸ್ಸಿ ಬಂದ. ತಡವಾಗಿ, ಮುದುಕನಾಗಿ, ರೋಗಿಯಾಗಿ ಬಂದ. 1783ರ ಜೂನ್ ಇಪ್ಪತ್ತರಂದು ಕಡಲೂರಿನ ಎದುರು ಸುಫ್ರೆನ್ ಕೊನೆಯ ಬಾರಿ ಹ್ಯೂಸ್‌ನನ್ನು ಹಿಮ್ಮೆಟ್ಟಿಸಿದ. ಕಡಲು ಕಡೆಗೂ ಮೈಸೂರಿನ ಕಡೆಗೆ ತಿರುಗಿತೆನ್ನುವಷ್ಟರಲ್ಲಿ, ಹತ್ತು ದಿನದೊಳಗೆ, ಯುರೋಪಿನಲ್ಲಿ ಸಂಧಿಯಾದ ವಾರ್ತೆ ಬಂತು. ಅತ್ತ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದ. ಅವನೊಡನಿದ್ದ ಫ್ರೆಂಚ್ ತುಕಡಿ, ನಮ್ಮ ಅರಸರು ರಾಜಿಯಾದರು ಎಂದು ಯುದ್ಧದಿಂದ ಹಿಂದೆಸರಿಯಿತು. ಟಿಪ್ಪು ಒಬ್ಬನೇ ಉಳಿದ.

ಹುಡುಗನ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ. ಸೋಲಿಗೆ ಬೇರೆ ಕಾರಣಗಳೂ ಇವೆ. ಆದರೆ ಸುಫ್ರೆನ್ ದ್ರೋಹಿಯಲ್ಲ ಎಂದು ಅವನಿಗೆ ಹೇಳುತ್ತೇನೆ. ಅವನು ತನ್ನ ದೊರೆಯ ಆಳು. ತನ್ನ ದೊರೆಗೆ ಬೇಕಾದಷ್ಟು ಕಾದಿದ, ಬೇಡವಾದಾಗ ನಿಲ್ಲಿಸಿದ. ಹೈದರನ ರತ್ನಗಳಿಗೆ ಅವನನ್ನು ಕಟ್ಟಿಹಾಕುವ ಶಕ್ತಿಯಿರಲಿಲ್ಲ. ಅದನ್ನು ಹೈದರ್ ಅರಿಯದೆ ಕೊಟ್ಟನೆಂದು ಮಾತ್ರ ನಾನು ನಂಬಲಾರೆ. ಡಾರ್ವ್‌ನ ಹಾಯಿಗಳು ದಿಗಂತದಲ್ಲಿ ಮರೆಯಾದುದನ್ನು ಕಂಡಿದ್ದವನು ಅವನು.

ಆ ಹುಡುಗನನ್ನು ಮುಂದಿನ ಸಲ ಚಂದನ್‌ನಗರಕ್ಕಲ್ಲ, ಧರ್ಮತಲಕ್ಕೆ ಕರೆದೊಯ್ಯಬೇಕೆಂದಿದ್ದೇನೆ. 1806ರ ವೆಲ್ಲೂರು ದಂಗೆಯ ನಂತರ ಕಂಪನಿಯವರು ಟಿಪ್ಪುವಿನ ಮಕ್ಕಳನ್ನು ಈ ಊರಿಗೆ ಸಾಗಿಸಿದರು. ಅವರಲ್ಲಿ ಕಿರಿಯನಾದ ಗುಲಾಂ ಮುಹಮ್ಮದ್ 1842ರಲ್ಲಿ ತಂದೆಯ ನೆನಪಿಗೆ ಕಟ್ಟಿಸಿದ ಮಸೀದಿ ಅಲ್ಲಿದೆ. ಬಸ್ಸಿನವರು ಅದರ ಮುಂದೆಯೇ ನಿಲ್ಲಿಸುತ್ತಾರೆ. ಬರುವವರಿದ್ದರೆ ಹೆಸರು ಕೊಡಿ.